ಗಾಳೀಲಿ ಕಾಫಿ ಹುರಿಯೋ ಮಿಷನ್: ಕೊಳ್ಳೋ ಮುಂಚೆ ಮನೆ ಪ್ಲಗ್ ನೋಡ್ಕೊಳ್ಳಿ!

ಚಿಕ್ಕಮಗಳೂರು: ಪೇಟೆ ಬೀದಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಕಾಫಿ ಪುಡಿ ಅಂಗಡಿ ಎಲ್ಲಿ ಬಂತು ಅಂತ ಮೂಗೇ ಹೇಳಿಬಿಡುತ್ತೆ. ಈಗೀಗ ಆ ವಾಸನೆ ಅಲ್ಲೊಂದು ಇಲ್ಲೊಂದು ಮನೆಯ ಅಡಿಗೆಮನೆ ಕಿಟಕಿಯಿಂದಲೂ ಬರತೊಡಗಿದೆ. ಜೊತೆಗೆ ಒಂದಿಷ್ಟು ಹೊಗೆ, ‘ಭರ್ರ್’ ಎನ್ನುವ ಫ್ಯಾನಿನ ಸದ್ದು. ಮನೆ ಯಜಮಾನರು ಕಾಫಿ ಹುರಿಯುವ ಗಾಳಿ ಮಿಷನ್ ತರಿಸಿದ್ದಾರೆ ಎಂದು ಅರ್ಥ!

ತರಿಸಿದ್ದಕ್ಕೆ ಕಾರಣ ಇಲ್ಲದಿಲ್ಲ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿತು. ಅಲ್ಲಿ ಏರಿದ್ದು ಇಲ್ಲಿನ ಪುಡಿ ಡಬ್ಬಕ್ಕೂ ತಟ್ಟಿತು. ಬೆಳೆಗಾರನ ಮುಖ ಅರಳಿದರೆ, ತಿಂಗಳಿಗೆ ಒಂದು ಕಿಲೋ ಪುಡಿ ಕೊಳ್ಳುವ ಸಂಸಾರಸ್ಥನ ಮುಖ ಬಾಡಿತು. ಅಂಗಡಿ ಪುಡಿಯಲ್ಲಿ ಚಿಕೋರಿ ಬೇರೆ. ಶೇಕಡಾ 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಒಪ್ಪುತ್ತೆ. ಪ್ಯಾಕೆಟ್ಟಿನ ಮೇಲೆ ಎಷ್ಟು ಅಂತ ಅಚ್ಚು ಹಾಕಿದರಾಯ್ತು. ಓದುವವರು ಯಾರು? ‘ಕಾಫಿ ಸೀಮೆಯಲ್ಲಿ ಹುಟ್ಟಿ ಬೇರಿನ ಪುಡಿ ಕುಡಿಯೋದೇ?’ ಎಂಬ ರೋಷ ಹುಟ್ಟಿದ್ದು ಹೀಗೆ.

ರೋಷ ಸರಿ. ಒಂದು ಕಾಲದಲ್ಲಿ ಬೆಳೆದವನೇ ತನ್ನ ಕಾಫಿಯನ್ನು ತನಗಿಷ್ಟ ಬಂದವರಿಗೆ ಮಾರುವ ಹಾಗಿರಲಿಲ್ಲ. ಪೂಲ್ ಪದ್ಧತಿಯಲ್ಲಿ ಬೆಳೆ ಕಾಫಿ ಮಂಡಳಿಗೇ ಹೋಗಬೇಕಿತ್ತು. ಅದು ಸಡಿಲವಾಗುತ್ತಾ ಬಂದು ಪೂರ್ತಿ ಬಿಟ್ಟಿದ್ದು 1990ರ ದಶಕದಲ್ಲಿ. ಈಗ ಪರಿಚಯದ ಬೆಳೆಗಾರರಿಂದ ನಾಲ್ಕು ಕಿಲೋ ಕ್ಲೀನ್ ಕಾಫಿ ಕೇಳಿ ತರಲು ಯಾರ ಅಡ್ಡಿಯೂ ಇಲ್ಲ. ಬೀಜಕ್ಕೆ ಕೊರತೆಯಿಲ್ಲ ಸ್ವಾಮಿ, ಎಡವಟ್ಟಾಗ್ತಿರೋದು ಮಿಷನ್ನಿನಲ್ಲಿ.

ಮಿಷನ್ ಅಂದರೆ ಮಹಾ ಏನಲ್ಲ. ತಳದಲ್ಲೊಂದು ಫ್ಯಾನು, ಅದರ ಮೇಲೆ ಕಾಯುವ ಕಾಯಿಲ್, ಅದರ ಮೇಲೆ ಬೀಜ ಹಾಕುವ ಗಾಜಿನ ಇಲ್ಲವೆ ತಗಡಿನ ಪಾತ್ರೆ, ತುದಿಯಲ್ಲಿ ಹೊಟ್ಟು ಹಿಡಿಯುವ ಜಾಲರಿ. ಬಾಣಲೆಯಲ್ಲಿ ಬೀಜ ಹುರಿಯೋದು ಕಬ್ಬಿಣದ ಕಾವಿನಿಂದ. ಕೈ ಆಡಿಸೋದು ನಿಂತರೆ ಒಂದು ಮಗ್ಗುಲು ಕರಕಲು, ಇನ್ನೊಂದು ಮಗ್ಗುಲು ಹಸಿ. ಗಾಳಿ ಮಿಷನ್ನಿನಲ್ಲಿ ಬಿಸಿಗಾಳಿಯೇ ಬೀಜವನ್ನು ಎತ್ತಿ ಕುಣಿಸುತ್ತೆ, ಅದೇ ಹುರಿಯುತ್ತೆ. ಬೀಜಕ್ಕಂಟಿದ ಬೆಳ್ಳಿ ಬಣ್ಣದ ತೆಳು ಹೊಟ್ಟು ಹಾರಿ ಜಾಲರಿ ಸೇರುವುದರಿಂದ ಸುಟ್ಟ ಹೊಟ್ಟಿನ ಕಹಿ ಕಾಫಿಗೆ ಇಳಿಯೋದಿಲ್ಲ. ಮೈಕೆಲ್ ಸಿವೆಟ್ಜ್ ಎಂಬ ಅಮೆರಿಕದ ಕೆಮಿಕಲ್ ಎಂಜಿನಿಯರ್ 1970ರ ದಶಕದಲ್ಲಿ ಈ ವಿಧಾನದ ದೊಡ್ಡ ಯಂತ್ರ ಮಾಡಿ ಪೇಟೆಂಟ್ ಪಡೆದರು. ಅಲ್ಲಿನ ಜನ ಇನ್ನೂ ಚಾಲಾಕು. ಎಣ್ಣೆಯಿಲ್ಲದೆ ಜೋಳ ಅರಳಿಸುವ ಪಾಪ್‌ಕಾರ್ನ್ ಮಿಷನ್ನಿಗೇ ಕಾಫಿ ಬೀಜ ಸುರಿದು ಹುರಿದುಕೊಂಡರು. ಮನೆಗೆಂದೇ ಮಾಡಿದ ರೋಸ್ಟರ್‌ಗಳು ಬಂದ ಮೇಲೂ ಈ ಪಾಪ್‌ಕಾರ್ನ್ ದಾರಿ ನಿಂತಿಲ್ಲ. ಕಾರಣ, ಅಗ್ಗ.

ಈಗ ಕೊಳ್ಳುವ ಮಾತು. ಅಂಗಡಿಯಲ್ಲಾಗಲಿ, ಫೋನಿನಲ್ಲಾಗಲಿ ಗಿರಾಕಿ ನೋಡೋದು ಬಣ್ಣ ಮತ್ತು ಬೆಲೆ. ನೋಡಬೇಕಾದ್ದು ಕರೆಂಟು ಮತ್ತು ಗಾಳಿ.

ಕರೆಂಟಿನಿಂದಲೇ ಶುರು ಮಾಡೋಣ. ಈ ಮಿಷನ್ನುಗಳು 1200ರಿಂದ 1600 ವ್ಯಾಟ್ ಎಳೆಯುತ್ತವೆ. ಅಂದರೆ ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ, ಗೀಸರಿಗಿಂತ ಕಡಿಮೆ. ಟಿ.ವಿ. ಪಕ್ಕದ ಸಣ್ಣ ಪ್ಲಗ್ಗಿಗೆ ಇದು ಹೊರೆ. ದಪ್ಪ ಪಿನ್ನಿನ ಪವರ್ ಪ್ಲಗ್ಗೇ ಬೇಕು, ಅರ್ಥಿಂಗ್ ಸರಿ ಇರಬೇಕು. ಎಕ್ಸ್‌ಟೆನ್ಷನ್ ವೈರು ಎಳೆದು ಹಿತ್ತಿಲಲ್ಲಿ ಹುರಿಯುವ ಆಸೆ ಇದ್ದರೆ ವೈರು ದಪ್ಪ ಇರಲಿ. ಪುಟಾಣಿ ವೈರು ತಾನೂ ಕಾದು ಮಿಷನ್ನಿಗೂ ಅರೆಹೊಟ್ಟೆ ಮಾಡುತ್ತೆ.

ವೋಲ್ಟೇಜಿನ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. 230 ವೋಲ್ಟಿನಲ್ಲಿ 1500 ವ್ಯಾಟ್ ಕೊಡುವ ಕಾಯಿಲ್, 180 ವೋಲ್ಟಿಗೆ ಇಳಿದರೆ ಕೊಡೋದು 900 ಚಿಲ್ಲರೆ ವ್ಯಾಟ್ ಮಾತ್ರ. ವೋಲ್ಟೇಜ್ ಕಾಲು ಭಾಗದಷ್ಟೂ ಇಳಿದಿಲ್ಲ, ಕಾವು ಮಾತ್ರ ಐದರಲ್ಲಿ ಎರಡು ಪಾಲು ಮಾಯ! ಪಾಪ್‌ಕಾರ್ನ್ ಮಿಷನ್ನಿನಲ್ಲಿ ಫ್ಯಾನೂ ಜೊತೆಗೇ ಸೊರಗುತ್ತೆ. ಎಂಟು ನಿಮಿಷಕ್ಕೆ ಆಗಬೇಕಾದ ಬೀಜ ಇಪ್ಪತ್ತು ನಿಮಿಷ ಬೆಂದು, ಬಣ್ಣ ಬಂದರೂ ಘಮ ಬರದೆ ಸಪ್ಪೆ ಹೊಡೆಯುತ್ತೆ. ತೋಟದ ಕಡೆಯ ಲೈನಿನಲ್ಲಿ, ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹುರಿಯಲು ಕೂತವರು ‘ಮಿಷನ್ನೇ ಮೋಸ’ ಅಂತ ಬೈಯುವುದು ಇದಕ್ಕೇ. ಫ್ರಿಜ್ಜಿನ ಸ್ಟೆಬಿಲೈಜರಿಗೆ ಸಿಕ್ಕಿಸೋಣ ಅನ್ನಬೇಡಿ, ಅದು ಸುಟ್ಟು ಹೋಗುತ್ತೆ. ಮನೆಯ ಸಾಧಾರಣ ಇನ್‌ವರ್ಟರ್ ಕಥೆಯೂ ಅಷ್ಟೆ. ವೋಲ್ಟೇಜ್ ನೆಟ್ಟಗಿರುವ ಹೊತ್ತು ನೋಡಿ ಹುರಿಯೋದೇ ಖರ್ಚಿಲ್ಲದ ಉಪಾಯ.

ಅಮೆರಿಕದಲ್ಲಿರೋ ಮಗನೋ ಅಳಿಯನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಮಿಷನ್ ಆದರೆ ಇನ್ನೂ ಹುಷಾರು. ಅಲ್ಲಿಯದು 120 ವೋಲ್ಟಿನದು. ಪಿನ್ನು ಬದಲಾಯಿಸಿ ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಕಾಯಿಲ್ ಮೂರೂವರೆ ಪಟ್ಟು ಕಾವು ಕಕ್ಕಲು ಹೊರಟು ಕ್ಷಣದಲ್ಲಿ ಕತೆ ಮುಗಿಯುತ್ತೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ 2000 ವ್ಯಾಟ್ ತಡೆಯುವಂಥದ್ದು. ತೂಕಕ್ಕೆ ರುಬ್ಬುವ ಕಲ್ಲು, ಬೆಲೆಗೆ ಇನ್ನೊಂದು ಮಿಷನ್. ಮಗನಿಗೆ ಮೊದಲೇ ಫೋನ್ ಮಾಡಿ ‘ಬೇರೆ ಏನಾದ್ರೂ ತಗೊಂಬಾರಪ್ಪ’ ಅನ್ನೋದು ಮೇಲು.

ಆಮೇಲೆ ಗಾಳಿ. ಪಾಪ್‌ಕಾರ್ನ್ ಮಿಷನ್ ಕೊಳ್ಳುವವರು ಮುಚ್ಚಳ ತೆಗೆದು ಒಳಗೆ ಇಣುಕಲೇಬೇಕು. ಪಾತ್ರೆಯ ಪಕ್ಕದ ಗೋಡೆಯಲ್ಲಿ ಓರೆ ಸೀಳುಗಳಿದ್ದು ಗಾಳಿ ಸುತ್ತು ಹೊಡೆಯುವ ಹಾಗಿದ್ದರೆ ಸರಿ. ತಳವೇ ತೂತು ತೂತು ಜಾಲರಿಯಾಗಿದ್ದರೆ ಬೇಡವೇ ಬೇಡ. ಜೋಳಕ್ಕೆ ಅದು ನಡೆಯುತ್ತೆ. ಕಾಫಿಯ ಹೊಟ್ಟು, ಮುರುಕು ಬೀಜ ಆ ತೂತಿನಿಂದ ಕೆಂಡದಂಥ ಕಾಯಿಲ್ ಮೇಲೆ ಬಿದ್ದರೆ ಬೆಂಕಿ. ಪೆಟ್ಟಿಗೆ ಬಿಚ್ಚಲು ಅಂಗಡಿಯವರು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಕಾಸು ಇದ್ದವರು ಕಾಫಿಗೆಂದೇ ಮಾಡಿದ್ದನ್ನು ನೋಡಬಹುದು. ಅದರಲ್ಲೂ ಫ್ಯಾನಿಗೊಂದು, ಕಾವಿಗೊಂದು ಬೇರೆ ಬೇರೆ ತಿರುಗಣೆ ಇದೆಯೋ ಇಲ್ಲವೋ ಮುಖ್ಯ. ಹಸಿ ಬೀಜ ಭಾರ, ಅದನ್ನು ಎತ್ತಲು ಜೋರು ಗಾಳಿ ಬೇಕು. ಹುರಿದಂತೆಲ್ಲ ಉಬ್ಬಿ ಹಗುರಾದಾಗ ಗಾಳಿ ತಗ್ಗಿಸದಿದ್ದರೆ ಬೀಜ ಮುಚ್ಚಳಕ್ಕೆ ಬಡಿಯುತ್ತೆ. ಒಂದೇ ಗುಂಡಿಯ ಮಿಷನ್ನಿನಲ್ಲಿ ಈ ಆಟ ಆಡೋಕಾಗಲ್ಲ. ಗಾಜಿನ ಪಾತ್ರೆ ಒಡೆದರೆ ಬಿಡಿಯಾಗಿ ಸಿಗುತ್ತಾ ಅಂತ ದುಡ್ಡು ಎಣಿಸುವ ಮುಂಚೆಯೇ ಕೇಳಿ. ಗಾಜಿಲ್ಲದೆ ಅಟ್ಟ ಸೇರಿದ ಮಿಷನ್ ಕಾಫಿಯನ್ನೂ ಹುರಿಯಲ್ಲ, ಜೋಳವನ್ನೂ ಅರಳಿಸಲ್ಲ.

ಮಿಷನ್ ಬಂದ ಮೊದಲ ದಿನದ ಪ್ರಸಂಗ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಒಂದೇ. ಯಜಮಾನರು ಒಂದೇ ಸಲಕ್ಕೆ ಆಗಲಿ ಅಂತ ಕಾಲು ಕಿಲೋ ಬೀಜ ಸುರಿಯುತ್ತಾರೆ. ಬೀಜ ಅಲುಗಾಡಲ್ಲ. ತಳದ್ದು ಕಪ್ಪು, ಮೇಲಿನದು ಹಸಿರು. “ಏನ್ರೀ ಇದು, ಮನೆಯೆಲ್ಲಾ ಹೊಗೆ!” “ಸ್ವಲ್ಪ ಸುಮ್ನಿರು, ವಾಸನೆ ಬರ್ತಾ ಇದೆ.” ಬರುತ್ತಿದ್ದುದು ಸುಟ್ಟ ವಾಸನೆ. ಸಣ್ಣ ಮಿಷನ್ನಿನ ಒಂದು ಒಬ್ಬೆಗೆ 80ರಿಂದ 100 ಗ್ರಾಂ ಸಾಕು. ಅಂದಾಜು ಬೇಡ, ತೂಗಿ ಹಾಕಿ. ಶುರುವಿನಲ್ಲಿ ಬೀಜ ಮೆಲ್ಲಗೆ ಹೊರಳಲೇಬೇಕು. ಹೊರಳದಿದ್ದರೆ ಹತ್ತು ಗ್ರಾಂ ತೆಗೆಯಿರಿ. ಹಾಕುವುದು ಕ್ಲೀನ್ ಕಾಫಿಯೇ ಇರಲಿ. ಸಿಪ್ಪೆ ಸಮೇತದ ಚೆರಿ, ಪಾರ್ಚ್‌ಮೆಂಟ್ ಹಾಕುವ ಹಾಗಿಲ್ಲ. ಒಮ್ಮೆ ತಟ್ಟೆಯಲ್ಲಿ ಹರಡಿ ಕಲ್ಲು, ಕರಿ ಬೀಜ ಆರಿಸಿ.

ಹುರಿಯುವಾಗ ಮೊದಲು ಹಸಿ ಹುಲ್ಲಿನ ವಾಸನೆ, ಬೀಜ ಹಳದಿ. 200 ಡಿಗ್ರಿಯ ಆಸುಪಾಸಿನಲ್ಲಿ ಜೋಳ ಅರಳಿದಂತೆ ಚಟ್ ಚಟ್ ಎಂಬ ಮೊದಲ ಸಿಡಿತ. ಹಾಲಿಲ್ಲದ ಕಾಫಿ ಕುಡಿಯುವವರು ಅದು ಮುಗಿಯುತ್ತಿದ್ದಂತೆ ನಿಲ್ಲಿಸುತ್ತಾರೆ. ನಮ್ಮ ಹಾಲು ಸಕ್ಕರೆಯ ಫಿಲ್ಟರ್ ಕಾಫಿಗೆ ಅಷ್ಟು ಸಾಲದು, ಡಿಕಾಕ್ಷನ್ ಹುಳಿ ಹೊಡೆಯುತ್ತೆ. ಇನ್ನೂ ಬಿಡಬೇಕು. 225ರ ಸುಮಾರಿಗೆ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಸಣ್ಣಗೆ ಚಿಟಪಟ ಶುರುವಾಗುತ್ತೆ. ಅಲ್ಲಿಗೆ ಬಂದ್! ಇನ್ನೊಂದು ನಿಮಿಷ ಮೈಮರೆತರೆ ಇದ್ದಿಲು. ಫ್ಯಾನಿನ ಗದ್ದಲದಲ್ಲಿ ಸಿಡಿತ ಕೇಳದವರು ಮೂಗನ್ನೇ ನಂಬಬೇಕು. ಹಾಲು ಕಾಯಿಸಲು ಇಟ್ಟವರಂತೆ ಎದುರೇ ನಿಂತಿರಬೇಕು, ಬಾಗಿಲಲ್ಲಿ ತರಕಾರಿ ಗಾಡಿ ಬಂದರೂ ಸರಿ.

ಹುರಿಯುವ ಮಧ್ಯೆ ಕರೆಂಟು ಹೋದರೆ? ಹೋಗುತ್ತೆ. ಗಾಬರಿ ಬೇಡ. ಪ್ಲಗ್ ಕಿತ್ತು, ದಪ್ಪ ಬಟ್ಟೆಯಲ್ಲಿ ಪಾತ್ರೆ ಹಿಡಿದು ಬೀಜವನ್ನು ಮೊರಕ್ಕೆ ಸುರಿದು ಕೇರಿ. ಒಳಗೇ ಬಿಟ್ಟರೆ ತನ್ನ ಕಾವಿಗೇ ಕರಿಯಾಗುತ್ತೆ. ಹೊಟ್ಟಿಗೆ ಕಿಡಿ ಹತ್ತಿದರೂ ಅಷ್ಟೆ, ಮೊದಲು ಮೇನ್ ಆಫ್, ಮುಚ್ಚಳ ತೆಗೆಯಬೇಡಿ. ನೀರು ಎರಚಬೇಡಿ, ಅದು ಕರೆಂಟಿನ ಸಾಮಾನು.

ಮಿಷನ್ ಬಾಳಿಕೆ ಬರೋದು ಬಿಡೋದು ಹೊಟ್ಟಿನ ಮೇಲಿದೆ. ಜಾಲರಿ ತುಂಬಿದರೆ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಕಾವು ಒಳಗೇ ನಿಂತು ಥರ್ಮಲ್ ಫ್ಯೂಸ್ ಹೋಗುತ್ತೆ. ಆಗ ರಿಪೇರಿಗೆ ಒಯ್ದರೆ ಕೆಲವರು ‘ಇದೊಂದು ತೊಂದರೆ’ ಅಂತ ಫ್ಯೂಸನ್ನೇ ಕಿತ್ತು ವೈರು ಸೇರಿಸಿ ಕೊಡುತ್ತಾರೆ. ಮಿಷನ್ ಓಡುತ್ತೆ, ನಿಜ. ಮುಂದಿನ ಸಲ ಬೆಂಕಿ ತಡೆಯುವವರು ಯಾರೂ ಇಲ್ಲ. ಅದೇ ಅಳತೆಯ ಫ್ಯೂಸ್ ಹಾಕಿಸಿಕೊಂಡೇ ಬನ್ನಿ, ಎರಡು ದಿನ ತಡವಾದರೂ ಚಿಂತೆಯಿಲ್ಲ.

ಆದ್ದರಿಂದ ಪ್ರತಿ ಒಬ್ಬೆ ಆದ ಮೇಲೂ ಹೊಟ್ಟು ಕೊಡವಿ. ಕಾವು ಬೇರೆ ನಿಲ್ಲಿಸಬಹುದಾದ ಮಿಷನ್ನಿನಲ್ಲಿ ಬರೀ ಗಾಳಿ ಮೂರು ನಿಮಿಷ ಓಡಲಿ, ಆಮೇಲೆ ಆಫ್. ಪಾಪ್‌ಕಾರ್ನ್ ಮಿಷನ್ನಿಗಾದರೆ ಎರಡು ಒಬ್ಬೆಯ ನಡುವೆ ಕಾಲು ಗಂಟೆ ವಿರಾಮ ಕೊಡಿ. ಕರಿ ಹುರಿತದ ಬೀಜ ಎಣ್ಣೆ ಬಿಡುತ್ತೆ, ಅದು ಗಾಜಿಗೂ ಜಾಲರಿಗೂ ಅಂಟಿ ಹೊಟ್ಟನ್ನು ಹಿಡಿದಿಡುತ್ತೆ. ವಾರಕ್ಕೊಮ್ಮೆ ಸೋಪಿನ ಬೆಚ್ಚಗಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಪೂರಾ ಒಣಗಿಸಿ. ಗಾಜು ಬಿಸಿ ಇರುವಾಗ ನೀರು ತಾಗಿಸಿದರೆ ಟಪ್ ಅನ್ನುತ್ತೆ. ತಳದ ಭಾಗಕ್ಕೆ ನೀರು ಸೋಕಲೇಬಾರದು. ಅದನ್ನು ಮಗುಚಿ ಗಾಳಿ ಎಳೆಯುವ ಕಿಂಡಿಯ ಧೂಳು ಒರೆಸಿ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಜಿರಳೆಗೆ ಆ ಕಿಂಡಿ ಅಂದರೆ ಬಲು ಪ್ರೀತಿ. ಬಟ್ಟೆ ಮುಚ್ಚಿಡಿ, ಶುರು ಮಾಡುವಾಗ ತೆಗೆಯೋದು ಮರೆಯಬೇಡಿ. ಹಸಿ ಬೀಜಕ್ಕೂ ಮಳೆಗಾಲ ಆಗದು. ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತೆ, ಬಿಗಿ ಮುಚ್ಚಳದ ಡಬ್ಬವೇ ಆಗಬೇಕು. ಹುರಿದದ್ದನ್ನು ಅಂದೇ ಪುಡಿ ಮಾಡಲು ಆತುರ ಬೇಡ. ಬೀಜ ಗ್ಯಾಸ್ ಬಿಡುತ್ತಿರುತ್ತೆ, ಒಂದು ದಿನ ಬಿಟ್ಟು ಪುಡಿ ಮಾಡಿ.

ಇಷ್ಟೆಲ್ಲ ಮಾಡಿ ಉಳಿತಾಯ ಎಷ್ಟು? ಕರೆಂಟಿನ ಖರ್ಚು ದೊಡ್ಡದಲ್ಲ. 1500 ವ್ಯಾಟಿನ ಮಿಷನ್ ಹತ್ತು ನಿಮಿಷ ಓಡಿದರೆ ಕಾಲು ಯೂನಿಟ್. ತಿನ್ನೋದು ಹೊತ್ತು. ಹುರಿದಾಗ ತೂಕ ನೂರಕ್ಕೆ ಸುಮಾರು ಹದಿನೈದು ಇಳಿಯುತ್ತೆ, ಹಾಗಾಗಿ ಒಂದು ಕಿಲೋ ಪುಡಿಗೆ 1,180 ಗ್ರಾಂ ಹಸಿ ಬೀಜ ಬೇಕು. ನೂರು ಗ್ರಾಮಿನಂತೆ ಹನ್ನೆರಡು ಒಬ್ಬೆ. ಹುರಿದು, ಆರಿಸಿ, ಹೊಟ್ಟು ಕೊಡವುವಷ್ಟರಲ್ಲಿ ಒಂದೊಂದಕ್ಕೆ ಇಪ್ಪತ್ತು ನಿಮಿಷ ಅಂದರೂ ನಾಲ್ಕು ಗಂಟೆ! ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇದು ಭಾನುವಾರದ ಹವ್ಯಾಸ, ರುಚಿಯೂ ಸಿಗುತ್ತೆ. ದಿನಕ್ಕೆ ಇಪ್ಪತ್ತು ಲೋಟ ಕಾಫಿ ಏಳುವ ಕೂಡು ಕುಟುಂಬಕ್ಕೆ ಶಿಕ್ಷೆ. ಚಿಕೋರಿಯ ಗಟ್ಟಿ ಡಿಕಾಕ್ಷನ್ನಿಗೆ ಪಳಗಿದ ಅಜ್ಜಿ, ಬರೀ ಕಾಫಿಯ ಲೋಟ ಹಿಡಿದು ‘ನೀರು ನೀರಾಗಿದೆಯಲ್ಲೋ’ ಅಂದರೆ ಅದಕ್ಕೆ ಮಿಷನ್ನಿನಲ್ಲಿ ಗುಂಡಿಯಿಲ್ಲ.

ಅಂಥ ಮನೆಯವರು ಬೀಜ ಮಾತ್ರ ತಾವು ಕೊಂಡು, ಕೂಲಿಗೆ ಹುರಿದು ಪುಡಿ ಮಾಡಿಕೊಡುವ ಅಂಗಡಿಗೆ ಒಯ್ಯಬಹುದು. ಎಷ್ಟು ಕರಿ ಹುರಿಯಬೇಕು, ಚಿಕೋರಿ ಬೇಕೋ ಬೇಡವೋ ಮೊದಲೇ ಹೇಳಿ, ಎದುರಿಗೇ ತೂಗಿಸಿ. ಕೊಟ್ಟದ್ದು ಐದು ಕಿಲೋ, ವಾಪಸ್ ಬಂದದ್ದು ನಾಲ್ಕೂಕಾಲು ಅಂತ ಗಲ್ಲಾ ಮುಂದೆ ಜಗಳ ತೆಗೆಯಬೇಡಿ. ಆ ಮುಕ್ಕಾಲು ಕಿಲೋ ಅಂಗಡಿಯವರ ಡಬ್ಬ ಸೇರಿಲ್ಲ, ಬಹುಪಾಲು ನೀರಾವಿಯಾಗಿ ಹೊಗೆಕೊಳವೆಯಿಂದ ಆಚೆ ಹೋಗಿದೆ.