ಕಣ್ಣಿದ್ದವರ ಕಾರ್ ರ‍್ಯಾಲಿ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವುದು ನಮ್ಮ ಗಂಗಾವತಿ ಸೀಮೆಯ ಹಳೆಯ ಮಾತು. ಹಂಪಿಯನ್ನು ನೋಡಲು ಹೊರಟವರು ನಡೆದು ನಡೆದು ಸೋಲಬೇಕು. ಕನಕಗಿರಿಯ ಕನಕಾಚಲಪತಿ ಗುಡಿಯಲ್ಲಾದರೆ ನಿಂತಲ್ಲೇ ನಿಂತು ಕಂಬ ಕಂಬವನ್ನೂ ದಿಟ್ಟಿಸಬೇಕು. ಕಾರ್ ರ‍್ಯಾಲಿಯ ಮಾತು ಬಂದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ರ‍್ಯಾಲಿ ಕಾಲಿದ್ದವರ ಆಟ, ಆಕ್ಸಿಲರೇಟರನ್ನು ಜೋರಾಗಿ ಒತ್ತಿದವರೇ ಗೆಲ್ಲುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಹವ್ಯಾಸಿಗಳು ಮನೆಯ ಕಾರಿನಲ್ಲೇ ಆಡುವ ರ‍್ಯಾಲಿ ಕಣ್ಣಿದ್ದವರದು. ಅಲ್ಲಿ ಸ್ಟೇರಿಂಗ್ ಹಿಡಿದವರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚು, ಪಕ್ಕದ ಸೀಟಿನಲ್ಲಿ ಪುಸ್ತಕ ಹಿಡಿದು ಕೂತವರು ಮುಖ್ಯ.

ಒಂದೇ ಹೆಸರು, ಮೂರು ಆಟ

ರ‍್ಯಾಲಿ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಆಟಗಳಿವೆ. ಮೊದಲನೆಯದು ಸ್ಟೇಜ್ ರ‍್ಯಾಲಿ. ಜನಸಂಚಾರವನ್ನು ಪೂರ್ತಿ ನಿಲ್ಲಿಸಿದ ಮಣ್ಣಿನ ದಾರಿಯಲ್ಲಿ, ಉಕ್ಕಿನ ಪಂಜರ ಕೂರಿಸಿದ ಕಾರಿನಲ್ಲಿ, ಹೆಲ್ಮೆಟ್ ತೊಟ್ಟವರು ಓಡಿಸುವ ಶುದ್ಧ ವೇಗದ ಸ್ಪರ್ಧೆ ಇದು. ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವುದು ಈ ಬಗೆಯಲ್ಲಿ. ಎರಡನೆಯದು ಕ್ರಾಸ್ ಕಂಟ್ರಿ. ದಿನಗಟ್ಟಲೆ ಮರಳುಗಾಡು, ಬೆಟ್ಟ, ಬಯಲು ದಾಟಬೇಕು. ಡಕಾರ್ ರ‍್ಯಾಲಿ ಇದರ ಶಿಖರ. ಮೂರನೆಯದು ಟಿಎಸ್‌ಡಿ, ಅಂದರೆ ಟೈಮ್, ಸ್ಪೀಡ್, ಡಿಸ್ಟನ್ಸ್: ಕಾಲ, ವೇಗ, ದೂರ. ಸಾಮಾನ್ಯ ರಸ್ತೆಯಲ್ಲಿ, ಸಾಮಾನ್ಯ ಕಾರಿನಲ್ಲಿ, ವೇಗದ ಮಿತಿಯೊಳಗೇ ನಡೆಯುವ ಲೆಕ್ಕದ ಸ್ಪರ್ಧೆ. ಬೇಗ ಬಂದರೂ ತಪ್ಪು, ತಡವಾಗಿ ಬಂದರೂ ತಪ್ಪು. ಹೇಳಿದ ಸೆಕೆಂಡಿಗೆ ಸರಿಯಾಗಿ ಬಂದವರೇ ಜಾಣರು. ಹವ್ಯಾಸಿಗೆ ತೆರೆದಿರುವ ಬಾಗಿಲು ಇದೇ.

ಈ ಆಟಕ್ಕೆ ಶತಮಾನ ದಾಟಿದ ಇತಿಹಾಸವಿದೆ. ಮಾಂಟೆ ಕಾರ್ಲೊ ರ‍್ಯಾಲಿ ಶುರುವಾದದ್ದು 1911ರಲ್ಲಿ. ಮೊದಲ ಪ್ಯಾರಿಸ್–ಡಕಾರ್ ಹೊರಟದ್ದು 1978ರ ಡಿಸೆಂಬರ್ 26ರಂದು. ನಮ್ಮ ದೇಶದಲ್ಲಿ 1980ರಲ್ಲಿ ಆರಂಭವಾದ ಹಿಮಾಲಯನ್ ರ‍್ಯಾಲಿ ಒಂದು ಪೀಳಿಗೆಗೆ ಈ ಹುಚ್ಚು ಹಿಡಿಸಿತು. ಕರ್ನಾಟಕವೂ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳೂ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಕಾರುಗಳನ್ನು ಕಂಡಿವೆ. ಬೆಂಗಳೂರಿನಿಂದ ಹೊರಟು ದಖನ್ನಿನ ಒಣ ನೆಲವನ್ನು ದಿನಗಟ್ಟಲೆ ಸುತ್ತುತ್ತಿದ್ದ ದಕ್ಷಿಣ್ ಡೇರ್‌ನಲ್ಲಿ ವೇಗದ ವಿಭಾಗದ ಜೊತೆ ಟಿಎಸ್‌ಡಿ ವಿಭಾಗವೂ ಇತ್ತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಪೂರೈಸಿದ ಮೊದಲ ಭಾರತೀಯ. ಉಡುಪಿ ಮೂಲದ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಡಕಾರ್ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದರು. ಕಾಸರಗೋಡಿನ ಮೂಸಾ ಶರೀಫ್ ಅವರ ಕೀರ್ತಿ ಬೇರೆಯದೇ. ಅವರು ಹೆಸರು ಮಾಡಿದ್ದು ಸ್ಟೇರಿಂಗ್ ಹಿಡಿದಲ್ಲ, ಪಕ್ಕದ ಸೀಟಿನಲ್ಲಿ ಕೂತು.

ಸಿದ್ದಾಪುರದಿಂದ ಹೊರಟರೆ

ಈ ಆಟ ಹೇಗೆ ನಡೆಯುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ದಾರಿಗಳ ಮೇಲೇ ಒಂದು ದಿನದ ರ‍್ಯಾಲಿಯನ್ನು ಇಟ್ಟು ನೋಡೋಣ. ಕಾಲ ಸುಗ್ಗಿ ಮುಗಿದ ಮೇಲಿನ ಫೆಬ್ರುವರಿ. ಹೊರಡುವುದು ಸಿದ್ದಾಪುರದಿಂದ. ನವಲಿ, ಕನಕಗಿರಿ, ತಾವರಗೇರಾ, ಕುಷ್ಟಗಿ ಹಾದು ಸಂಜೆಗೆ ಯಲಬುರ್ಗಾ.

ಆಟಕ್ಕೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಸಿದ್ದಾಪುರ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸಾಲು ಸಾಲು ಕ್ಯಾಂಪುಗಳು. ಕಾಲುವೆ ಏರಿಯ ದಾರಿ ನೇರ, ಆದರೆ ಕಿರಿದು. ಕನಕಗಿರಿ ಕಡೆ ತಿರುಗಿದರೆ ಹಸಿರು ಕರಗಿ ಬಂಡೆಗುಡ್ಡಗಳು ಎದುರಾಗುತ್ತವೆ. ತಾವರಗೇರಾ, ಕುಷ್ಟಗಿಯ ಮಸಾರಿ ನೆಲದಲ್ಲಿ ಗರಸು, ಉಸುಕಿನ ಹಳ್ಳ, ಬಂಡಿ ಜಾಡು. ಯಲಬುರ್ಗಾ ತಲುಪುವ ಹೊತ್ತಿಗೆ ಎರೆ ಹೊಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗುವ ಆ ಕಪ್ಪು ಮಣ್ಣು ನಾಲ್ಕು ಹನಿ ಮಳೆ ಬಿದ್ದರೆ ಗಾಲಿಗೆ ಮುದ್ದೆ ಮುದ್ದೆಯಾಗಿ ಅಂಟಿ ಕಾರನ್ನು ನಿಂತಲ್ಲೇ ನಿಲ್ಲಿಸುತ್ತದೆ. ಒಂದೇ ದಿನದಲ್ಲಿ ನಾಲ್ಕು ಬಗೆಯ ನೆಲ!

ಬೆಳಿಗ್ಗೆ ಮೊದಲು ಕಾರಿನ ತಪಾಸಣೆ: ಬ್ರೇಕು, ದೀಪ, ಸೀಟ್ ಬೆಲ್ಟು, ಸ್ಟೆಪ್ನಿ, ಎಳೆಯುವ ಹಗ್ಗ, ಪ್ರಥಮ ಚಿಕಿತ್ಸೆಯ ಡಬ್ಬಿ. ದಾರಿ ಯಾವುದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಹೊರಡುವುದಕ್ಕೆ ಸ್ವಲ್ಪ ಮೊದಲು ರೋಡ್ ಬುಕ್ ಕೈಗೆ ಬರುತ್ತದೆ. ಆಮೇಲೆ ನಿಮಿಷಕ್ಕೊಂದರಂತೆ ಕಾರುಗಳನ್ನು ಬಿಡುತ್ತಾರೆ.

ರೋಡ್ ಬುಕ್ಕೆಂದರೆ ನಕ್ಷೆಯಲ್ಲ. ಒಂದೊಂದು ತಿರುವಿಗೂ ಒಂದೊಂದು ಚೌಕ. ಒಂದು ಕಡೆ ಆರಂಭದಿಂದ ಅಲ್ಲಿಗೆ ಎಷ್ಟು ದೂರ, ಹಿಂದಿನ ತಿರುವಿನಿಂದ ಎಷ್ಟು ದೂರ ಎಂಬ ಅಂಕಿ. ನಡುವೆ ಚಿಕ್ಕ ಚಿತ್ರ: ಬುಡದಲ್ಲಿ ಚುಕ್ಕೆ, ತುದಿಯಲ್ಲಿ ಬಾಣ. ಚುಕ್ಕೆಯ ಕಡೆಯಿಂದ ನೀವು ಬರುತ್ತೀರಿ, ಬಾಣದ ಕಡೆ ಹೋಗಬೇಕು. ಉಳಿದ ಗೆರೆಗಳೆಲ್ಲ ನೀವು ಹಿಡಿಯಬಾರದ ದಾರಿಗಳು. ಈ ಚಿತ್ರಕ್ಕೆ ಟ್ಯುಲಿಪ್ ಎಂದು ಹೆಸರು. ನೆದರ್ಲೆಂಡ್ಸಿನಲ್ಲಿ 1949ರಲ್ಲಿ ಶುರುವಾದ ಟ್ಯುಲಿಪ್ ರ‍್ಯಾಲಿಯಿಂದ ಬಂದ ಹೆಸರದು. ಪಕ್ಕದಲ್ಲಿ ಗುರುತುಗಳು, ಎಚ್ಚರಿಕೆಗಳು. ಒಂದು ಉದ್ಗಾರ ಚಿಹ್ನೆ ಇದ್ದರೆ ಜೋಕೆ, ಎರಡಿದ್ದರೆ ಅಪಾಯ, ಮೂರಿದ್ದರೆ ತಪ್ಪಿದರೆ ದೊಡ್ಡ ಅನಾಹುತ.

ನಮ್ಮ ಕಡೆ ಗುರುತುಗಳನ್ನೇ ನಂಬಿ ಹೋದವರು ಕೆಡುತ್ತಾರೆ. ಹನುಮಪ್ಪನ ಗುಡಿ ಇಲ್ಲದ ಊರಿಲ್ಲ. ಕಾಲುವೆಯ ಒಂದು ಸೇತುವೆಯ ಹಾಗೇ ಇನ್ನೊಂದು. ದಾರಿ ಹೇಳುವುದು ಗುರುತಲ್ಲ, ದೂರ. 3.42 ಕಿಲೋಮೀಟರಿಗೆ ಎಡಕ್ಕೆ ಎಂದಿದ್ದರೆ 3.42ರ ಸೇತುವೆಯೇ ಆಗಬೇಕು; 3.10ರದ್ದು ಅದರ ತದ್ರೂಪಿಯಾದರೂ ಅಲ್ಲ.

ಕಿಲೋಮೀಟರಿಗೆ ಎಷ್ಟು ಸೆಕೆಂಡ್?

ಇನ್ನು ಲೆಕ್ಕ. ರೋಡ್ ಬುಕ್ಕಿನ ಜೊತೆ ವೇಗದ ಪಟ್ಟಿಯೂ ಇರುತ್ತದೆ: ಇಲ್ಲಿಂದ ಇಲ್ಲಿಯವರೆಗೆ ಸರಾಸರಿ ಗಂಟೆಗೆ 36 ಕಿ.ಮೀ., ಅಲ್ಲಿಂದ ಮುಂದೆ 30, ಹೀಗೆ. ಪಳಗಿದ ನ್ಯಾವಿಗೇಟರು, ಅಂದರೆ ಪಕ್ಕದ ಸೀಟಿನವರು, ಇದನ್ನು ತಿರುವಿ ಹಾಕಿ, ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳುತ್ತಾರೆ. 36ಕ್ಕೆ 100 ಸೆಕೆಂಡ್, 40ಕ್ಕೆ 90, 45ಕ್ಕೆ 80, 30ಕ್ಕೆ 120. ಉಳಿದದ್ದು ಮಗ್ಗಿ. ನಿಮ್ಮ ಕಾರು 8 ಗಂಟೆ 17 ನಿಮಿಷಕ್ಕೆ ಹೊರಟಿದೆ, ಮೊದಲ 7.4 ಕಿ.ಮೀ. 36ರ ಸರಾಸರಿಯಲ್ಲಿ ಹೋಗಬೇಕು ಎಂದುಕೊಳ್ಳಿ. 740 ಸೆಕೆಂಡ್, ಅಂದರೆ 12 ನಿಮಿಷ 20 ಸೆಕೆಂಡ್. ಆ ತಿರುವಿನಲ್ಲಿ ನೀವು 8:29:20ಕ್ಕೆ ಇರಬೇಕು. ಮುಂದಿನ 4.5 ಕಿ.ಮೀ. 30ರಲ್ಲಾದರೆ ಇನ್ನೂ 9 ನಿಮಿಷ, 8:38:20. ಸಮಯ ನೋಡುವ ಮಾರ್ಷಲ್‌ಗಳು ಎಲ್ಲಿ ಕೂತಿದ್ದಾರೆ ಎಂದು ಮೊದಲೇ ಹೇಳುವುದಿಲ್ಲ. ಬೇಲಿಯ ತಿರುವಿನಾಚೆ, ಬೇವಿನ ಮರದಡಿ, ಎಲ್ಲಿ ಬೇಕಾದರೂ ಇರಬಹುದು. ಅವರನ್ನು ಕಂಡ ಮೇಲೆ ನಿಂತು ಹೊತ್ತು ಕಳೆಯುವಂತಿಲ್ಲ. ತಪ್ಪಿದ ಒಂದೊಂದು ಸೆಕೆಂಡಿಗೂ ದಂಡದ ಅಂಕ. ಹಲವು ರ‍್ಯಾಲಿಗಳಲ್ಲಿ ತಡವಾದವರಿಗಿಂತ ಬೇಗ ಬಂದವರಿಗೆ ಹೆಚ್ಚು ದಂಡ. ಅವಸರವನ್ನೇ ತಪ್ಪೆಂದು ಎಣಿಸುವ ಮೋಟಾರು ಆಟ ಇದು.

ಎಲ್ಲ ಕಾರುಗಳ ಮೀಟರೂ ಒಂದೇ ದೂರ ತೋರಿಸುವುದಿಲ್ಲ. ಟೈರು ಸವೆದಿದ್ದರೆ, ಗಾಳಿ ಇಳಿದಿದ್ದರೆ ಅಳತೆ ಬದಲಾಗುತ್ತದೆ. ಅದಕ್ಕೇ ಮೊದಲಲ್ಲೇ ಒಂದು ತಾಳೆ ನೋಡುವ ದಾರಿ ಇಟ್ಟಿರುತ್ತಾರೆ. ಸಂಘಟಕರ 10 ಕಿ.ಮೀ. ನಿಮ್ಮ ಮೀಟರಿನಲ್ಲಿ 10.2 ಬಂದರೆ, ದಿನವಿಡೀ ನಿಮ್ಮ ಅಂಕಿಯನ್ನು 0.98ರಿಂದ ಗುಣಿಸಬೇಕು. ಈ ಶೇ 2ರ ವ್ಯತ್ಯಾಸ ಮರೆತವರು ಮೇಲಿನ 7.4 ಕಿಲೋಮೀಟರಿನಲ್ಲೇ ಹತ್ತಿರ ಹತ್ತಿರ 15 ಸೆಕೆಂಡ್ ಕಳೆದುಕೊಂಡಿರುತ್ತಾರೆ.

ಲೆಕ್ಕ ಎಷ್ಟೇ ಸರಿಯಿರಲಿ, ದಾರಿ ತನ್ನ ಪಾಡಿಗೆ ತಾನಿರುತ್ತದೆ. ತಾವರಗೇರಾ ಕಡೆ ಕುರಿ ಹಿಂಡು ಅಡ್ಡ ಬಂತು, ದಾಟಲು ಎರಡು ನಿಮಿಷ ಹಿಡಿಯಿತು. ಹೊಸಬರು ಆಮೇಲೆ ಕಾರನ್ನು ಹಾರಿಸುತ್ತಾರೆ. ಬಲ್ಲವರು ಲೆಕ್ಕ ಹಾಕುತ್ತಾರೆ: ಹೋಗಬೇಕಾದದ್ದು 36ರಲ್ಲಿ. 45ರಲ್ಲಿ ಹೋದರೆ ಕಿಲೋಮೀಟರಿಗೆ 20 ಸೆಕೆಂಡ್ ಉಳಿತಾಯ. ಕಳೆದ 120 ಸೆಕೆಂಡ್ ಬರೀ 6 ಕಿಲೋಮೀಟರಿನಲ್ಲಿ ಮರಳಿ ಬಂತು. ಕುರಿಗಾಹಿಗೆ ಒಂದು ಹಾರ್ನ್ ಕೂಡ ಬೇಕಾಗಲಿಲ್ಲ.

ದಾರಿ ತಪ್ಪುವುದೂ ಉಂಟು. ಹೊಸಬರ ಮೊದಲ ಮೋಹ ಮುಂದಿನ ಕಾರಿನ ಧೂಳು. ಆ ಧೂಳನ್ನು ನಂಬಿ ಹೋದರೆ, ಅವರೂ ತಪ್ಪಿದ್ದಾರೆಂದು ತಿಳಿಯುವ ಹೊತ್ತಿಗೆ ಇಬ್ಬರೂ ಯಾರದೋ ದಾಳಿಂಬೆ ತೋಟದ ಬೇಲಿಯ ಮುಂದೆ ನಿಂತಿರುತ್ತೀರಿ. ಇದಕ್ಕೆ ನಿಯಮ ಒಂದೇ: ಯಾವ ತಿರುವಿನವರೆಗೆ ಖಾತ್ರಿಯಿತ್ತೋ ಅಲ್ಲಿಗೆ ಮರಳಿ ಹೋಗಿ ಮತ್ತೆ ಅಳೆಯಿರಿ. ತಪ್ಪು ಯಾರದೆಂಬ ಜಗಳ ಊಟದ ಹೊತ್ತಿಗಿರಲಿ. ಒಂದೇ ಮನೆಯ ಇಬ್ಬರು, ಗಂಡ ಹೆಂಡತಿಯೋ ಅಪ್ಪ ಮಗಳೋ, ಈ ಆಟದಲ್ಲಿ ಚೆನ್ನಾಗಿ ಕೂಡಿ ಆಡುವುದು ಇದಕ್ಕೇ. ಒಬ್ಬರ ಕಾಲು ಇನ್ನೊಬ್ಬರ ಕಣ್ಣನ್ನು ನಂಬಬೇಕು.

ಬೆರಳಲ್ಲಿ ಕಣ್ಣು

ಕಣ್ಣು ಅಂದೆ. ಈ ಆಟದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿರುವುದು ಅಂಧರ ಕಾರ್ ರ‍್ಯಾಲಿ. ದೇಶದ ಹಲವು ನಗರಗಳಲ್ಲಿ ಇದು ನಡೆಯುತ್ತದೆ. ಕಾರು ಓಡಿಸುವವರಿಗೆ ಕಣ್ಣು ಕಾಣುತ್ತದೆ, ಆದರೆ ದಾರಿ ಗೊತ್ತಿಲ್ಲ. ಪಕ್ಕದಲ್ಲಿ ಕೂತ ದೃಷ್ಟಿಹೀನರ ಕೈಯಲ್ಲಿ ಬ್ರೈಲ್ ಲಿಪಿಯ ರೋಡ್ ಬುಕ್. ಅವರು ಬೆರಳಾಡಿಸಿ ಓದಿ, ಎಡ, ಬಲ, ಎಷ್ಟು ದೂರ, ಎಷ್ಟು ವೇಗ ಎಂದು ಹೇಳುತ್ತಾರೆ; ಕಣ್ಣಿದ್ದವರು ಹಾಗೇ ನಡೆಯುತ್ತಾರೆ. ಬದುಕಿನುದ್ದಕ್ಕೂ ಕೈಹಿಡಿದು ದಾರಿ ತೋರಿಸಿಕೊಂಡವರು ಅಂದು ದಾರಿ ತೋರಿಸುತ್ತಾರೆ. ರ‍್ಯಾಲಿಗೆ ಬೇಕಾದ ಕಣ್ಣು ಗಮನದ್ದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಊರಿಗೂ ಬರಲಿ

ರಸ್ತೆಯ ಮೇಲೆ ಪೈಪೋಟಿಗೆ ಬಿದ್ದು ಓಡಿಸುವುದು ಅಪರಾಧ. ಮೋಟಾರು ವಾಹನ ಕಾಯ್ದೆ, 1988ರ 189ನೇ ಕಲಂ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದ ಓಟವನ್ನೂ ವೇಗದ ಪರೀಕ್ಷೆಯನ್ನೂ ನಿಷೇಧಿಸುತ್ತದೆ. ಟಿಎಸ್‌ಡಿ ವೇಗದ ಓಟವಲ್ಲ, ಆದರೂ ಪೊಲೀಸರಿಗೆ, ಪಂಚಾಯಿತಿಗೆ ತಿಳಿಸಿ, ಅನುಮತಿ ಪಡೆದು, ಕೊನೆಪಕ್ಷ ಒಂದು ಆಂಬುಲೆನ್ಸ್ ಇಟ್ಟುಕೊಂಡೇ ನಡೆಸಬೇಕು. ದೇಶದಲ್ಲಿ ಮೋಟಾರು ಕ್ರೀಡೆಗಳನ್ನು ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಒಕ್ಕೂಟ ಇದಕ್ಕೆ ನಿಯಮ ರೂಪಿಸಿದೆ, ಟಿಎಸ್‌ಡಿಗೂ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇದೆ. ನಿಯಮಕ್ಕಿಂತ ಮೊದಲು ಮರ್ಯಾದೆ ಇರಬೇಕು. ರಸ್ತೆಯಲ್ಲಿ ಜೋಳದ ರಾಶಿ ಹರಡಿದ್ದರೆ ಇಳಿದು ಕೇಳಿ ದಾಟಬೇಕು. ಬೆಳೆ ನಿಂತ ಹೊಲಕ್ಕೆ ಗಾಲಿ ಇಳಿಯಬಾರದು. ಊರೊಳಗೆ ಕಾರು ನಡಿಗೆಯ ವೇಗದಲ್ಲಿರಬೇಕು. ರೈತರ ದಾರಿಯಲ್ಲಿ ನಾವು ನೆಂಟರು.

ನಮ್ಮ ಹುಡುಗರಿಗೆ ಗಾಡಿಯ ಮೇಲೆ ಆಸೆ ಬೇಕಾದಷ್ಟಿದೆ, ಅದನ್ನು ತೋರಿಸಲು ಹೆದ್ದಾರಿ ಬಿಟ್ಟರೆ ಜಾಗ ಕಾಣುತ್ತಿಲ್ಲ. ಕುಷ್ಟಗಿಯ ಪಕ್ಕ ಹಾದುಹೋಗುವ ಹೆದ್ದಾರಿಯಲ್ಲಿ ವೇಗದ ಹುಚ್ಚಿಗೆ ತೆತ್ತ ಬೆಲೆ ನಮಗೆಲ್ಲ ಗೊತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳು, ಯುವಕ ಸಂಘಗಳು ಹತ್ತು ಕಾರುಗಳ ಅರ್ಧ ದಿನದ ಟಿಎಸ್‌ಡಿ ನಡೆಸಿದರೆ ಅವೇ ಹುಡುಗರು ಸೆಕೆಂಡಿಗೆ ಬೆಲೆ ಕೊಡುವುದನ್ನು, ಬ್ರೇಕಿಗೆ ಬೆಲೆ ಕೊಡುವುದನ್ನು ಕಲಿಯುತ್ತಾರೆ. ದಾರಿಯಲ್ಲಿ ಕನಕಗಿರಿ ಸಿಗುತ್ತದೆ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳು ಸಿಗುತ್ತವೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ಸಿಗುತ್ತದೆ. ತಮ್ಮದೇ ಜಿಲ್ಲೆಯನ್ನು ಅವರು ಮೊದಲ ಸಲ ಸಾವಕಾಶವಾಗಿ ನೋಡುತ್ತಾರೆ.

ಅಷ್ಟರವರೆಗೆ ಕಾಯಬೇಕಿಲ್ಲ. ಮುಂದಿನ ಭಾನುವಾರ ಸ್ಟೆಪ್ನಿಯ ಗಾಳಿ ನೋಡಿಕೊಂಡು, ಬೆಲ್ಟ್ ಹಾಕಿಕೊಂಡು, ಸಂಚಾರವಿಲ್ಲದ ಒಂದು ದಾರಿ ಹಿಡಿಯಿರಿ. ಪಕ್ಕದವರ ಕೈಗೆ ಗಡಿಯಾರ, ಹಾಳೆ, ಪೆನ್ನು ಕೊಡಿ. 10 ಕಿಲೋಮೀಟರ್, 36ರ ಸರಾಸರಿ: ಸರಿಯಾಗಿ 1,000 ಸೆಕೆಂಡ್, ಅಂದರೆ 16 ನಿಮಿಷ 40 ಸೆಕೆಂಡ್. ಅಲ್ಲಿ ನಿಂತು, ಎಷ್ಟು ಸೆಕೆಂಡ್ ತಪ್ಪಿತೆಂದು ಬರೆದಿಟ್ಟುಕೊಳ್ಳಿ. ಅದರ ಮುಂದಿನ ಭಾನುವಾರ ಆ ಅಂಕಿಯನ್ನು ಅರ್ಧಕ್ಕೆ ಇಳಿಸಿ.