ಹಿರಿಯರು ಕಟ್ಟುವ ಗೋದಲಿ

ಡಿಸೆಂಬರು ಮಾಸದ ಎರಡನೆಯ ವಾರ ಕಾಲಿಟ್ಟಿತೆಂದರೆ ಮಂಗಳೂರಿನ ಆಸುಪಾಸಿನ ಕ್ರೈಸ್ತರ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬೀಳುತ್ತದೆ. ಒಬ್ಬರು ಗೋಡೆಗೆ ಸುಣ್ಣಬಣ್ಣ ಮಾಡಿಸುವ ಚಿಂತೆಯಲ್ಲಿದ್ದರೆ ಇನ್ನೊಬ್ಬರು ಕ್ರಿಸ್ಮಸ್ಸಿನ ತಿಂಡಿಗಳಾದ ಕುಸ್ವಾರಿಗೆ ಬೇಕಾದ ಅಕ್ಕಿ, ತೆಂಗಿನಕಾಯಿ, ಬೆಲ್ಲಗಳನ್ನು ಅಣಿಮಾಡುತ್ತಿರುತ್ತಾರೆ, ಮಕ್ಕಳು ನಕ್ಷತ್ರವನ್ನು ಎಲ್ಲಿ ತೂಗಿಸಬೇಕೆಂದು ವಾದಿಸುತ್ತಿರುತ್ತಾರೆ. ಈ ಸಂಭ್ರಮದ ನಡುವೆ, ಒಂದು ಕಾಲದಲ್ಲಿ ಇವೆಲ್ಲವನ್ನೂ ತಮ್ಮ ಕೈಯಿಂದಲೇ ನಡೆಸಿದ ಹಿರಿಯರು ಮಾತ್ರ ಜಗಲಿಯ ಕುರ್ಚಿಯಲ್ಲಿ ಕುಳಿತು, ‘ನೀವು ಸುಮ್ಮನೆ ಕೂತಿರಿ, ನಾವು ಮಾಡುತ್ತೇವೆ’ ಎಂಬ ಉಪಚಾರದ ಮಾತನ್ನು ಕೇಳುತ್ತಿರುವುದುಂಟು. ಪ್ರೀತಿಯಿಂದಲೇ ಹುಟ್ಟಿದ ಮಾತು ಅದು. ಹಾಗಿದ್ದರೂ ಸಿದ್ಧತೆಯಲ್ಲಿ ಪಾಲಿಲ್ಲದವರಿಗೆ ಹಬ್ಬವು ಅರ್ಧ ಮಾತ್ರ ದಕ್ಕುವುದೆಂಬುದನ್ನು ಮನೆಯವರು ನೆನೆಯಬೇಕು.

ವೃದ್ಧರಿಗೆ ಸುಲಭವಾದ ಹಬ್ಬದ ಕೈಗೆಲಸಗಳನ್ನು ಸೂಚಿಸಹೊರಟಾಗ ನಾನು ಮುಂದಿಟ್ಟುಕೊಳ್ಳುವ ನಿಯಮವೊಂದೇ: ಅವರು ಮಾಡಿದ ವಸ್ತು ಹಬ್ಬಕ್ಕೆ ನಿಜವಾಗಿಯೂ ಬೇಕಾಗಿರತಕ್ಕದ್ದು. ಹೊತ್ತು ಹೋಗಲೆಂದು ಕೊಟ್ಟ ಕೆಲಸ ಯಾವುದು, ಮನೆಗೆ ಅಗತ್ಯವಾದ ಕೆಲಸ ಯಾವುದು ಎಂಬ ಭೇದವನ್ನು ಜೀವಮಾನವೆಲ್ಲ ದುಡಿದ ಕೈಗಳು ಥಟ್ಟನೆ ಗುರುತಿಸುತ್ತವೆ. ಶಿಶುವಿಹಾರದ ಮಕ್ಕಳಿಗೆ ಕೊಡುವ ಬಣ್ಣ ತುಂಬುವ ಹಾಳೆಗಳನ್ನು ಎಂಬತ್ತರ ಅಜ್ಜಿಯ ಮುಂದಿಡುವುದು ಆಕೆಯ ಅನುಭವಕ್ಕೆ ತೋರಿಸುವ ಗೌರವವಲ್ಲ.

ಕೆಲಸಕ್ಕೆ ಕೈಹಚ್ಚುವ ಮೊದಲು ಕುಳಿತುಕೊಳ್ಳುವ ಸ್ಥಳವನ್ನು ಅಣಿಗೊಳಿಸುವುದು ಮುಖ್ಯ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರವು ಹಳದಿಗಟ್ಟುವುದರಿಂದ, 60ರ ಪ್ರಾಯದವರ ಅಕ್ಷಿಪಟಲವನ್ನು ಮುಟ್ಟುವ ಬೆಳಕು 20ರ ಹರೆಯದವರಿಗೆ ದೊರೆಯುವುದರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದಿರುತ್ತದೆ. ನೀಲಿ ಹಸಿರುಗಳ ವ್ಯತ್ಯಾಸವೂ ಮಸುಕಾಗುತ್ತದೆ. ಆದುದರಿಂದ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಅದರ ಮೇಲೆ ಕಡುಬಣ್ಣದ ಬಟ್ಟೆಯನ್ನು ಹಾಸಿದರೆ ತಿಳಿಬಣ್ಣದ ಕಾಗದದ ಅಂಚು ಸ್ಪಷ್ಟವಾಗಿ ಕಾಣುವುದು. ಸಂಧಿವಾತದಿಂದ ನೋಯುವ ಬೆರಳುಗಳು ಮುಂಜಾನೆ ಬಿಗಿದುಕೊಂಡಿರುವುದರಿಂದ, ಬಿಸಿಲೇರಿದ ಮೇಲೆ, ಕೈಗಳನ್ನು ಬೆಚ್ಚನೆಯ ನೀರಿನಲ್ಲಿ ತುಸು ಹೊತ್ತು ಅದ್ದಿ ಒರಸಿಕೊಂಡು ಕೆಲಸಕ್ಕೆ ತೊಡಗುವುದು ಹಿತ. ಅಂಟು ಬಳಿಯುವ ಕುಂಚದ ಹಿಡಿಗೆ ಹಳೆಯ ಬಟ್ಟೆಯನ್ನು ಸುತ್ತಿ ದಪ್ಪಮಾಡಿದರೆ ಹಿಡಿತ ಸುಲಭವಾಗುತ್ತದೆ. ಒತ್ತಿ ಬಿಟ್ಟೊಡನೆ ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಸಿಕ್ಕಿದರೆ ಹೆಬ್ಬೆರಳಿನ ಶ್ರಮ ಅರ್ಧ ಇಳಿಯುತ್ತದೆ. ಅಂಟಿಗೆ ಮನೆಯಲ್ಲೇ ಕಾಯಿಸಿದ ಮೈದಾ ಹಿಟ್ಟಿನ ಗೋಂದು ಸಾಕು.

ಕೆಲಸಗಳಲ್ಲೆಲ್ಲ ನಾನು ಮೊದಲ ಸ್ಥಾನ ಕೊಡುವುದು ಕ್ರಿಸ್ತಜನನದ ದೃಶ್ಯವನ್ನು ಕಟ್ಟಿ ತೋರಿಸುವ ಗೋದಲಿಗೆ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಮೇವಿನ ತೊಟ್ಟಿಯೊಂದನ್ನು ಇರಿಸಿ, ಅದರ ಬಳಿ ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ, ಬೆತ್ಲೆಹೇಮಿನ ಬಡತನವನ್ನು ಹಳ್ಳಿಗರ ಕಣ್ಣೆದುರಿಗೆ ತಂದನಷ್ಟೆ. ಅಂದು ಅವನು ಬಳಸಿದ ಸಾಮಗ್ರಿಯೆಲ್ಲ ಕೊಟ್ಟಿಗೆಯಲ್ಲಿ ಸಿಕ್ಕುವಂಥದು. ನಮ್ಮ ಕರಾವಳಿಯಲ್ಲಿಯೂ ಗೋದಲಿಗೆ ಬೇಕಾದುದು ಅದೇ. ಕೊಯ್ಲು ಮುಗಿದ ಗದ್ದೆಗಳಿಂದ ಬಂದ ಬೈಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ, ಹಿಡಿಹಿಡಿಯಾಗಿ ಕಟ್ಟಿ, ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿದರೆ ಮಾಡು ಸಿದ್ಧ. ಹಿಂದೆ ಹುಲ್ಲಿನ ಮನೆಗೆ ವರ್ಷವರ್ಷವೂ ಹೊಸ ಹೊದಿಕೆ ಹಾಕುತ್ತಿದ್ದುದನ್ನು ಕಂಡವರಿಗೆ ಕೆಳಗಿನ ಸಾಲನ್ನು ಮೊದಲು ಕಟ್ಟಿ ಮೇಲಿನದನ್ನು ಅದರ ಮೇಲೆ ಇಳಿಬಿಡಬೇಕೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ, ಅವರೇ ಮೊಮ್ಮಕ್ಕಳಿಗೆ ಕಲಿಸುವರು. ಪಾರ್ಸಲುಗಳಿಗೆ ಸುತ್ತಿ ಬಂದ ಕಂದು ಕಾಗದವನ್ನು ಮುದುರಿ, ಅನ್ನದ ಗಂಜಿಯಲ್ಲಿ ಅದ್ದಿ, ತಲೆಕೆಳಗು ಮಾಡಿದ ಪಾತ್ರೆಯ ಮೇಲೆ ಹೊದಿಸಿ ಎರಡು ದಿನ ಒಣಗಿಸಿದರೆ ಗುಡ್ಡಬೆಟ್ಟಗಳು ಗಟ್ಟಿಯಾಗಿ ನಿಲ್ಲುತ್ತವೆ. ಕಾಗದವನ್ನು ಮುದುರುವ ಕ್ರಿಯೆ ನಡುಗುವ ಕೈಗಳಿಗೆ ಅತ್ಯಂತ ಅನುಕೂಲವಾದುದು, ಏಕೆಂದರೆ ಅಲ್ಲಿ ವಕ್ರತೆಯೇ ಸೌಂದರ್ಯ.

ಗೋದಲಿಯ ಸುತ್ತಣ ಹಸುರು ಗದ್ದೆಯ ಹೊಣೆಯನ್ನಂತೂ ಮನೆಯ ಹಿರಿಯರಿಗೇ ಬಿಡತಕ್ಕದ್ದು. ರಾತ್ರಿಯಿಡೀ ನೆನೆಸಿದ ರಾಗಿಯನ್ನೋ ಗೋಧಿಯನ್ನೋ ತೆಂಗಿನ ಗೆರಟೆಗಳಲ್ಲಿ ತುಂಬಿದ ಮಣ್ಣಿನ ಮೇಲೆ ಒತ್ತಾಗಿ ಹರಡಿ, ಬೆಳಗ್ಗೆ ಸಂಜೆ ಕೈಯಿಂದ ನೀರು ಚಿಮುಕಿಸುತ್ತ ಬಂದರೆ ಹತ್ತು ಹನ್ನೆರಡು ದಿವಸಗಳಲ್ಲಿ ಪೈರು ಬೆರಳುದ್ದಕ್ಕೆ ಬೆಳೆಯುತ್ತದೆ. ಆದುದರಿಂದ 24ರ ರಾತ್ರಿಗೆ ಹಸುರು ಬೇಕಾದವರು 12ನೆಯ ತಾರೀಕಿನ ಸುಮಾರಿಗೆ ಬೀಜ ಹಾಕಬೇಕು. ಇಲ್ಲಿ ಕತ್ತರಿ, ಸೂಜಿ, ಅಂಟು ಯಾವುದೂ ಇಲ್ಲ. ಇರುವುದು ಪ್ರತಿದಿನದ ಒಂದು ಕರ್ತವ್ಯ, ಮತ್ತು ಪ್ರತಿ ಬೆಳಗ್ಗೆ ಎದ್ದು ನೋಡಲೊಂದು ಕಾರಣ. ಮಂಚ ಬಿಟ್ಟು ಏಳಲಾರದವರ ಕಿಟಕಿಯ ದಂಡೆಯಲ್ಲಿಯೂ ಒಂದು ಗೆರಟೆಯನ್ನಿರಿಸಬಹುದು. ಸಮಸ್ತ ಕೈಗೆಲಸಗಳ ಪೈಕಿ ಇದಕ್ಕಿಂತ ಉತ್ತಮವಾದುದನ್ನು ನಾನರಿಯೆ.

ಕುರಿ, ಕುರುಬ, ಒಂಟೆಗಳ ಬೊಂಬೆಗಳನ್ನು ಅಂಗಡಿಯಿಂದ ತರುವುದೇ ಈಗ ರೂಢಿ. ಆದರೆ ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲು ನೀರು ಕೂಡಿಸಿ ನಾದಿದ ಕಣಕದಿಂದ ಕುರಿಗಳನ್ನಾದರೂ ಮನೆಯಲ್ಲಿ ಮಾಡಬಹುದು. ಕುಸ್ವಾರಿನ ತಿಂಡಿಯಾದ ಕಿಡಿಯೊಗಳನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ತೆಗೆದು ಅಭ್ಯಾಸವಾದ ಹೆಬ್ಬೆರಳು ಅದೇ ಚಲನೆಯಿಂದ ಕುರಿಯ ಉಣ್ಣೆಯ ಗೆರೆಗಳನ್ನೂ ಮೂಡಿಸಬಲ್ಲುದು. ಕರಾವಳಿಯ ತೇವದ ಗಾಳಿಗೆ ಉಪ್ಪು ಬೆವರುವುದರಿಂದ ಈ ಬೊಂಬೆಗಳು ಒಂದು ಹಬ್ಬಕ್ಕಷ್ಟೇ ಬಾಳುತ್ತವೆ. ಮುಂದಿನ ವರ್ಷ ಮತ್ತೆ ಮಾಡಲು ಕೆಲಸ ಉಳಿಯಿತೆಂದು ಸಂತೋಷಪಡಬೇಕು.

ಇನ್ನು ನಕ್ಷತ್ರ. ಪ್ಲಾಸ್ಟಿಕ್ಕಿನದು ಪೇಟೆಯಲ್ಲಿ ಸಿಕ್ಕುತ್ತದೆ, ಮಡಚಿಟ್ಟರೆ ಹತ್ತು ವರ್ಷ ಬಾಳುತ್ತದೆ, ನಿಜ; ಬಿದಿರಿನ ನಕ್ಷತ್ರವನ್ನು ಕಟ್ಟುವುದಾದರೋ ಮನೆಮಂದಿಯನ್ನೆಲ್ಲ ಒಂದೆಡೆ ಕೂಡಿಸುವ ಉದ್ಯೋಗ. ಎರಡಡಿಯ ಹತ್ತು ಸೀಳುಗಳು ಮತ್ತು ನಾಲ್ಕು ಬೆರಳುದ್ದದ ಐದು ಚಿಕ್ಕ ಕಡ್ಡಿಗಳು ಇದರ ಅಸ್ಥಿಪಂಜರ: ಐದೈದು ಸೀಳುಗಳನ್ನು ಒಂದರ ಮೇಲೊಂದು ಹಾಯಿಸಿ ಕಟ್ಟಿದರೆ ಐದು ಮೂಲೆಯ ಎರಡು ನಕ್ಷತ್ರಗಳಾಗುತ್ತವೆ, ಅವೆರಡನ್ನೂ ಸರಿಯಾಗಿ ಒಂದರ ಮೇಲೊಂದಿರಿಸಿ ಐದು ತುದಿಗಳನ್ನು ಬಿಗಿದು, ಸೀಳುಗಳು ಅಡ್ಡಹಾಯುವ ಒಳಮೂಲೆಗಳಲ್ಲಿ ಚಿಕ್ಕ ಕಡ್ಡಿಗಳನ್ನು ಊರುಗೋಲಿನಂತೆ ನಿಲ್ಲಿಸಿದಾಗ ನಡುಭಾಗ ಉಬ್ಬಿ ದೀಪಕ್ಕೆ ಎಡೆಯಾಗುತ್ತದೆ. ದೀಪಾವಳಿಗೆ ಗೂಡುದೀಪ ಕಟ್ಟುವ ನೆರೆಮನೆಯವರ ವಿದ್ಯೆಯೂ ಇದೇ ಜಾತಿಯದು. ತುಳುನಾಡಿನಲ್ಲಿ ಬಿದಿರು, ನೂಲು, ಬಣ್ಣದ ಕಾಗದ ಎರಡು ಹಬ್ಬಗಳಿಗೂ ಸಮಾನ. ಸೀಳುವುದು ಮತ್ತು ಗಂಟು ಬಿಗಿಯುವುದು ತರುಣರ ಪಾಲಿಗಿರಲಿ, ಕಾಗದವನ್ನು ಅಳೆದು ಅಂಟಿಸುವುದು ಹಿರಿಯರ ಪಾಲಿಗೆ ಬರಲಿ. ಒಳಗೆ ಮೇಣದ ಬತ್ತಿಯನ್ನು ಎಂದಿಗೂ ಇಡಬಾರದು. ಬಿಸಿಯೇರದ ಸಣ್ಣ ಎಲ್‌ಇಡಿ ಬಲ್ಬು ಒಳ್ಳೆಯದು.

ಕಾಗದದ ಸರಪಳಿ ಎಲ್ಲರೂ ಬಲ್ಲದ್ದು. ಆದರೆ ಅದಕ್ಕೆ ಕಾಗದ ಕೊಳ್ಳಬೇಕಾಗಿಲ್ಲ, ಪ್ರತಿ ಮನೆಯಲ್ಲಿಯೂ ಕಂತೆಗಟ್ಟಲೆ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ಸುವರ್ಣವರ್ಣದ ದಪ್ಪ ಹಾಳೆ ಸಾಕು, ಪಟ್ಟಿ ಕತ್ತರಿಸುವಾಗ ಯಾರ ಮದುವೆ ಎಂದು ಓದಿ ನೆನೆಯುವ ಸುಖವೂ ಜೊತೆಗೂಡುತ್ತದೆ. ಇದಕ್ಕಿಂತ ಸ್ವಲ್ಪ ಕುಶಲವಾದುದು ಡೆನ್ಮಾರ್ಕಿನ ಜನ ಕ್ರಿಸ್ಮಸ್ ಮರಕ್ಕೆ ತೂಗಿಸುವ ಹೆಣೆದ ಹೃದಯಾಕಾರದ ಬುಟ್ಟಿ. ಮಕ್ಕಳ ಕಥೆಗಳಿಂದ ಲೋಕಪ್ರಸಿದ್ಧನಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನನು 1860ರ ಸುಮಾರಿಗೆ ಕತ್ತರಿಸಿ ಹೆಣೆದುದೆನ್ನುವ ಒಂದು ಹೃದಯ ಈಗಲೂ ಉಳಿದಿದೆ. ಎರಡು ಬಣ್ಣದ ಕಾಗದಗಳನ್ನು ಮಡಿಸಿ, ಒಂದು ತುದಿಯನ್ನು ದುಂಡಾಗಿಸಿ, ಮಡಿಕೆಯ ಕಡೆಯಿಂದ ಮೂರು ಪಟ್ಟಿಗಳಾಗುವಂತೆ ಸೀಳಿ, ಒಂದರ ಪಟ್ಟಿಯನ್ನು ಇನ್ನೊಂದರ ಒಳಗೊಮ್ಮೆ ಹೊರಗೊಮ್ಮೆ ಹಾಯಿಸುತ್ತ ಹೋಗುವುದೇ ಇದರ ಕ್ರಮ. ಓಲಿ ಚಾಪೆಯನ್ನೋ ತೆಂಗಿನ ಮಡಲನ್ನೋ ಹೆಣೆದು ಬಲ್ಲವರಿಗೆ ಮೊದಲ ಸಾಲಿನಲ್ಲಿಯೇ ಇದರ ಗುಟ್ಟು ತಿಳಿದುಹೋಗುತ್ತದೆ. ಪಟ್ಟಿಗಳು ಎರಡು ಬೆರಳಗಲವಿದ್ದರೆ ಹಿಡಿಯಲು ಸುಲಭ.

ದೃಷ್ಟಿ ತೀರ ಮಂದವಾದವರಿಗೆ ಸ್ಪರ್ಶ ಮತ್ತು ಗಂಧಗಳೇ ದಾರಿ. ಹಣ್ಣಿನ ಸಿಪ್ಪೆಗೆ ಲವಂಗಗಳನ್ನು ಸಾಲಾಗಿ ಚುಚ್ಚಿ ಪರಿಮಳದ ಚೆಂಡು ಮಾಡುವ ಯುರೋಪಿನ ಹಳೆಯ ಪದ್ಧತಿಯನ್ನು ಇಲ್ಲಿ ಅನುಸರಿಸಬಹುದು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲವಾದುದರಿಂದ ಹರಿದುಹೋಗುತ್ತದೆ. ಬಿಗಿಯಾದ ಸಿಪ್ಪೆಯ ಮೂಸಂಬಿ ಇದಕ್ಕೆ ಯೋಗ್ಯ. ಹಣ್ಣಿನ ಸುತ್ತ ಒಂದು ರಬ್ಬರು ಪಟ್ಟಿಯನ್ನು ಹಾಕಿದರೆ ಬೆರಳು ಅದರ ಅಂಚನ್ನು ತಡವುತ್ತ ನೇರವಾಗಿ ಸಾಗಬಲ್ಲುದು. ರಂಧ್ರಗಳನ್ನು ಬೇರೆಯವರು ಮೊದಲೇ ಕೊರೆದಿಟ್ಟರೆ ಲವಂಗವನ್ನು ಒತ್ತುವಾಗ ನೋವಾಗದು. ಶೀತದೇಶಗಳಲ್ಲಿ ವಾರಗಟ್ಟಲೆ ಒಣಗಿಸಿಡುವ ಈ ಚೆಂಡು ನಮ್ಮ ಆರ್ದ್ರ ಹವೆಯಲ್ಲಿ ಬೂಸಲು ಹಿಡಿಯುವುದರಿಂದ ಹಬ್ಬಕ್ಕೆ ಎರಡು ದಿನ ಮುಂಚೆ ಮಾಡಿ, ಹೊಸವರ್ಷದ ಹೊತ್ತಿಗೆ ತೆಗೆದುಬಿಡಬೇಕು.

ಮರೆವಿನ ವ್ಯಾಧಿಗೆ ಒಳಗಾದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಸಹನೆ ಬೇಕು. ಅವರಿಗೆ ಅನೇಕ ಹಂತಗಳ ಕೆಲಸವನ್ನು ಒಪ್ಪಿಸದೆ, ಒಂದೇ ಕ್ರಿಯೆ ಮರಳಿ ಮರಳಿ ಬರುವಂಥದನ್ನು, ಹುಲ್ಲಿನ ಕಟ್ಟುಗಳನ್ನು ಜೋಡಿಸುವುದು, ಕಾಗದವನ್ನು ಮುದುರುವುದು ಇಂಥದನ್ನು, ಪಕ್ಕದಲ್ಲಿ ಕುಳಿತು ತಾವೂ ಮಾಡುತ್ತ ಕೊಡಬೇಕು. ಮಣಿ, ಸೂಜಿಗಳು ಅವರ ಕೈಗೆ ಸಿಕ್ಕದಿರಲಿ. ಉಪ್ಪಿನ ಕಣಕವನ್ನು ತಿಂಡಿಯೆಂದು ಬಾಯಿಗಿಡುವ ಅಪಾಯವಿರುವುದರಿಂದ ಅದೂ ಬೇಡ. ಕುರುಬನ ಜಾಗದಲ್ಲಿ ಅವರು ಒಂಟೆಯನ್ನಿಟ್ಟರೆ ಒಂಟೆ ಅಲ್ಲಿಯೇ ನಿಲ್ಲಲಿ. ಅವರೆದುರಿಗೆ ಅದನ್ನು ಸರಿಪಡಿಸುವುದು ನಿರ್ದಯತೆ.

ಕೊನೆಯದಾಗಿ ಶುಭಾಶಯದ ಕಾರ್ಡುಗಳು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನು ಹಬ್ಬದ ಪತ್ರಗಳಿಗೆಲ್ಲ ಪ್ರತ್ಯೇಕವಾಗಿ ಉತ್ತರ ಬರೆಯಲು ವ್ಯವಧಾನವಿಲ್ಲದೆ, ಚಿತ್ರಕಾರ ಜಾನ್ ಕಾಲ್ಕಟ್ ಹಾರ್ಸ್ಲಿಯಿಂದ ಚಿತ್ರ ಬರೆಯಿಸಿ ಸುಮಾರು ಸಾವಿರ ಪ್ರತಿ ಅಚ್ಚುಹಾಕಿಸಿದ್ದೇ ವಾಣಿಜ್ಯದ ಕ್ರಿಸ್ಮಸ್ ಕಾರ್ಡಿನ ಆರಂಭ. ಅವನಿಗೆ ಇರದಿದ್ದ ವ್ಯವಧಾನ ನಮ್ಮ ಹಿರಿಯರಿಗೆ ಯಥೇಷ್ಟವಾಗಿದೆ. ಹೋದ ವರ್ಷದ ಕಾರ್ಡುಗಳ ಚಿತ್ರಗಳನ್ನು ಕತ್ತರಿಸಿ ಮಡಿಸಿದ ಹಾಳೆಯ ಮೇಲೆ ಅಂಟಿಸಿ, ಒಳಗೆ ದಪ್ಪ ಮೊನೆಯ ಲೇಖನಿಯಿಂದ ದೊಡ್ಡ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆಯಲಿ. ಅಕ್ಷರ ಸೊಟ್ಟಗಾದರೂ ಅದನ್ನು ಅಳಿಸಿ ಬೇರೊಬ್ಬರು ಬರೆಯಬಾರದು, ವಿಳಾಸವನ್ನಷ್ಟೇ ಮೊಮ್ಮಕ್ಕಳು ಸ್ಪಷ್ಟವಾಗಿ ಬರೆದುಕೊಡಲಿ. ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇರುವ ಬಂಧುಗಳಿಗೆ ಹೊರಡುವ ಈ ಪತ್ರಗಳನ್ನು, ಪರದೇಶದ ಅಂಚೆ ನಿಧಾನವಾದುದರಿಂದ, ನವೆಂಬರು ಮುಗಿಯುವುದರೊಳಗೆ ಪೆಟ್ಟಿಗೆಗೆ ಹಾಕಿಬಿಡುವುದು ಕ್ಷೇಮ.