ಹಾವಿಗೆ ಬೇಕಾದ್ದು ಹಾಲಲ್ಲ, ನೀರು



ಕೂಲಿ ಕೇಳದೆ ನಿಮ್ಮ ಹೊಲದ ಇಲಿ ಹಿಡಿಯುವ ಆಳು ಯಾರು ಗೊತ್ತೇ? ಕೇರೆ ಹಾವು. ಬಿಲದೊಳಗೇ ನುಗ್ಗಿ ಇಲಿಯನ್ನೂ ಅದರ ಮರಿಗಳನ್ನೂ ನುಂಗುವ ಈ ಹಾವಿಗೆ ವಿಷವಿಲ್ಲ. ಹೆದರಿ ಬಡಿದು ಇದನ್ನು ಕೊಲ್ಲುವವರು ಹಲವರು. ಆದರೆ ನಮಗೆ ತಿಳಿಯದಂತೆ ನಮ್ಮದೇ ತೊಟ್ಟಿ, ಹೊಂಡಗಳಲ್ಲಿ ಬಿದ್ದು ಸಾಯುವ ಹಾವುಗಳೂ ಇವೆ.

ಒಂದು ಬೇಸಿಗೆಯಲ್ಲಿ ಒಬ್ಬ ರೈತರ ತೋಟಕ್ಕೆ ಹೋಗಿದ್ದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದಲ್ಲಿ ಆರಡಿ ಉದ್ದದ ಕೇರೆ ಸತ್ತು ತೇಲುತ್ತಿತ್ತು. "ಹಾವಿಗೆ ಈಜು ಬರುತ್ತದಲ್ಲ ಸಾರ್, ಹೇಗೆ ಸತ್ತಿತು?" ಎಂದು ಅವರು ಕೇಳಿದರು. ಈಜು ಬರುವುದು ನಿಜ. ಆದರೆ ದಡ ಹತ್ತಲು ಹೊಟ್ಟೆಯ ಹುರುಪೆಗಳಿಗೆ ಹಿಡಿತ ಬೇಕು. ಜಾರುವ ಹಾಳೆಯ ಮೇಲೆ ಅದು ಸಿಗದು. ಸುತ್ತಿ ಸುತ್ತಿ ದಣಿದು ಮುಳುಗುತ್ತದೆ. ಪಕ್ಕದ ಬದುವಿನ ತುಂಬ ಇಲಿ ಬಿಲಗಳಿದ್ದವು!

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯ ಊರುಗಳಲ್ಲಿ ಇಂಥ ಹೊಂಡಗಳು ಹೆಚ್ಚಿವೆ. ಇದು ಒಳ್ಳೆಯದೇ. ಹೊಂಡದ ಜೊತೆಗೆ ಹತ್ತಿ ಬರುವ ದಾರಿಯೂ ಇರಬೇಕು, ಅಷ್ಟೆ.

ಹಾಲಿನ ನಂಬಿಕೆ

ಹಾವು ಹಾಲು ಕುಡಿಯುತ್ತದೆಂಬುದು ತಪ್ಪು ತಿಳಿವಳಿಕೆ. ಹಾಲು ಅದರ ಆಹಾರವಲ್ಲ, ಅದು ಜೀರ್ಣವಾಗುವುದೂ ಇಲ್ಲ. ಹಾವಾಡಿಗರು ಹಲವು ದಿನ ನೀರಿಲ್ಲದೆ ಇಟ್ಟ ಹಾವು, ಬಾಯಾರಿಕೆ ತಾಳಲಾರದೆ ಎದುರಿಗಿಟ್ಟ ಹಾಲಿಗೆ ಬಾಯಿ ಹಾಕುತ್ತದೆ. ಹಾವನ್ನು ಹಿಡಿದು ಸಾಕುವುದಕ್ಕೂ ಕೊಲ್ಲುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಿಯಾಗಿದೆ. ಹೊಲದಲ್ಲಿ ಅದರ ಪಾಡಿಗೆ ಬಿಟ್ಟು, ಶುದ್ಧ ನೀರು ಸಿಗುವಂತೆ ಮಾಡಿದರೆ ಸಾಕು.

ಹೀಗೆ ಮಾಡಿ

1. ಹೊಂಡದ ಎರಡು ಬದಿಯಲ್ಲಾದರೂ ದಪ್ಪ ತೆಂಗಿನ ನಾರಿನ ಹಗ್ಗ ಅಥವಾ ಉದ್ದಕ್ಕೆ ಹೊಲಿದ ಗೋಣಿಚೀಲ ಇಳಿಬಿಡಿ. ಮೇಲಿನ ತುದಿಯನ್ನು ಗೂಟಕ್ಕೆ ಕಟ್ಟಿ. ಕೆಳ ತುದಿಗೆ ಮರಳು ತುಂಬಿದ ಚಿಕ್ಕ ಚೀಲ ಕಟ್ಟಿ, ಹಾಳೆ ಹರಿಯುವುದಿಲ್ಲ. ಅದು ತಳ ಮುಟ್ಟಲಿ. ಆಗ ನೀರು ತಗ್ಗಿದರೂ ದಾರಿ ಇರುತ್ತದೆ.

2. ಸಿಮೆಂಟ್ ತೊಟ್ಟಿಯಲ್ಲಿ ಒರಟಾದ ಮರದ ಕೊರಡನ್ನು ಓರೆಯಾಗಿ ನಿಲ್ಲಿಸಿ. ಓತಿಕೇತ, ಅಳಿಲುಗಳೂ ಉಳಿಯುತ್ತವೆ.

3. ಬೇಸಿಗೆಯಲ್ಲಿ ಮನೆ, ಕೊಟ್ಟಿಗೆ, ಕಾಲುದಾರಿಗಳಿಂದ ದೂರ, ಬದುವಿನ ನೆರಳಿನಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ಬಾನಿ ಇಡಿ. ನಡುವೆ ಒಂದು ಕಲ್ಲಿರಲಿ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ತುಂಬಿ. ಸೊಳ್ಳೆ ಹುಟ್ಟುವುದೂ ತಪ್ಪುತ್ತದೆ.

4. ಔಷಧಿ ಹೊಡೆಯುವ ಪಂಪನ್ನು ತೊಟ್ಟಿ, ಹೊಂಡ, ಕಾಲುವೆಗಳಲ್ಲಿ ತೊಳೆಯಬೇಡಿ. ಔಷಧಿ ಕಲಸಿದ ಬಕೆಟ್ಟಿನಲ್ಲಿ ಯಾವ ಪ್ರಾಣಿಗೂ ನೀರಿಡಬೇಡಿ. ಆ ನೀರು ಹಾವಿಗಷ್ಟೇ ಅಲ್ಲ, ನಿಮ್ಮ ಎಮ್ಮೆಗೂ ಕೋಳಿಗೂ ವಿಷ.

ಎಚ್ಚರಿಕೆ

ನೀರಿದ್ದಲ್ಲಿಗೆ ನಾಗರ, ಕೊಳಕುಮಂಡಲಗಳೂ ಬರಬಹುದು. ಆದ್ದರಿಂದಲೇ ಬಾನಿ ಮನೆಯಿಂದ ದೂರವಿರಬೇಕು. ಮನೆಯ ಪಕ್ಕದ ನಲ್ಲಿ, ಬಚ್ಚಲ ಮೋರಿ ಸೋರದಂತೆ ನೋಡಿಕೊಳ್ಳಿ. ರಾತ್ರಿ ನೀರು ಹಾಯಿಸಲು ಹೋಗುವಾಗ ಕೈಯಲ್ಲಿ ಟಾರ್ಚು, ಕಾಲಿಗೆ ಬೂಟು ಇರಲಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇರಿಸಿ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಸೇರಿಸಿ.

ಹಗ್ಗ, ಗೋಣಿ, ಬಾನಿ: ಇವಕ್ಕೆ ಹೆಚ್ಚಿನ ಖರ್ಚಿಲ್ಲ, ಬಹುಪಾಲು ನಿಮ್ಮ ಮನೆಯಲ್ಲೇ ಇವೆ. ಬಿಸಿಲು ಏರುವ ಮೊದಲೇ ಈ ಕೆಲಸ ಮುಗಿಸಿ. ಬದುಕಿ ಉಳಿದ ಒಂದು ಕೇರೆ ಮುಂದಿನ ಬೆಳೆಯ ಕಾವಲಿಗೆ ನಿಲ್ಲುತ್ತದೆ.